ಶಹಾಬಾದಿನ ಮಾಳಿಗೆಯ ಮೇಲೆ ಮಾಂಬಳ

ಬೆಳಿಗ್ಗೆ ತಟ್ಟೆಗಳಿಗೆ ಹುಯ್ದು ಬಂದಿದ್ದ ಮಾವಿನ ರಸ, ಮಧ್ಯಾಹ್ನ ಹೋಗಿ ನೋಡುವಷ್ಟರಲ್ಲಿ ಬಿರುಕು ಬಿಟ್ಟು, ಅಂಚುಗಳು ಮೇಲೆದ್ದು, ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅದು ಶಹಾಬಾದಿನಲ್ಲಿ ನಮ್ಮ ಮೊದಲ ಬೇಸಿಗೆ. ನಮ್ಮ ಅಂಕೋಲೆಯಲ್ಲಿ ಹೀಗೆ ರಸ ಒಣಗಿಸಿ ಮಾಂಬಳ ಮಾಡುವುದೆಂದರೆ ಬಿಸಿಲನ್ನು ಬೇಡಿಕೊಳ್ಳುವ ಕೆಲಸ. ಸಮುದ್ರದ ಗಾಳಿಗೆ ರಸ ಬೇಗ ಬಿಗಿಯುವುದಿಲ್ಲ, ಮೋಡ ಕಂಡರೆ ತಟ್ಟೆ ಹೊತ್ತು ಒಳಗೆ ಓಡಬೇಕು. ಇಲ್ಲಿ ಬಿಸಿಲೇ ಹಣ್ಣನ್ನು ತಿಂದುಹಾಕಿತ್ತು. ಬರಿಗಾಲಲ್ಲಿ ಹೋಗಿದ್ದ ನಾನು ಕಾದ ಕಲ್ಲಿನ ಮೇಲೆ ನಿಲ್ಲಲಾಗದೆ ಕಾಲು ಬದಲಿಸುತ್ತಿದ್ದೆ, ಅಳುವುದೊಂದು ಬಾಕಿ.

“ಯಾಕ್ರಿ ಅಕ್ಕೋರೆ, ಈ ಬಿಸಲಾಗ ಮಾಳಿಗಿ ಮ್ಯಾಲ ಏನ್ ಮಾಡಾಕತ್ತೀರಿ?” ಕೆಳಗಿನ ಅಂಗಳದಿಂದ ಮನೆಯ ಒಡತಿ ಕೇಳಿದರು.

ರಜಿಯಾ ಬೇಗಂ ಅವರ ಹೆಸರು. ಓಣಿಯವರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ನನ್ನನ್ನು ಅಕ್ಕೋರೆ ಎನ್ನುತ್ತಿದ್ದುದು ನಾನು ಸರಕಾರಿ ಶಾಲೆಯ ಶಿಕ್ಷಕಿಯಾದ್ದರಿಂದ. ಮಾಳಿಗಿ ಎಂದರೆ ಅವರ ಲೆಕ್ಕದಲ್ಲಿ ಮನೆಯ ಚಪ್ಪಟೆ ತಾರಸಿ. ಬಂದ ದಿನ “ಮಾಳಿಗಿ ಮ್ಯಾಲ ಅರಿವಿ ಒಣಾಕ್ರಿ” ಎಂದು ಬಟ್ಟೆ ಒಣಗಿಸಲು ಹೇಳಿದಾಗ ನಾನು ಏಣಿ ಹತ್ತಿ ಹೋಗುವ ಅಟ್ಟವನ್ನು ಹುಡುಕಿದ್ದೆ. ಈ ಊರಿನ ಮನೆಗಳಿಗೆ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು, ತಲೆಯ ಮೇಲೂ ಅದೇ ಚಪ್ಪಡಿ ಕಲ್ಲು. ಹೆಂಚಿನ ಸಂದಿಯಲ್ಲಿ ಬೆಳಕು ನೋಡುತ್ತ ಬೆಳೆದವಳಿಗೆ ಮೊದಮೊದಲು ಉಸಿರು ಕಟ್ಟುತ್ತಿತ್ತು.

ನನ್ನ ಗಂಡ ದಾಮೋದರರಿಗೆ ಮಾತ್ರ ಊರು ಬೇಗ ಒಗ್ಗಿತು. ನನಗೆ ಇಲ್ಲಿ ಕೆಲಸ ಸಿಕ್ಕಾಗ ಅಂಕೋಲೆಯ ತಮ್ಮ ಟೇಲರ್ ಅಂಗಡಿಯನ್ನು ಮುಚ್ಚಿ, ಹೊಲಿಗೆ ಯಂತ್ರವನ್ನು ಲಾರಿಗೆ ಹಾಕಿಕೊಂಡು ಜೊತೆಗೆ ಬಂದವರು ಅವರು. ಸ್ಟೇಷನ್ ರಸ್ತೆಯಲ್ಲಿ ಪುಟ್ಟ ಅಂಗಡಿ ಹಾಕಿದರು. ನಾನಿನ್ನೂ ತರಗತಿಯಲ್ಲಿ ಮಕ್ಕಳ ಮಾತಿಗೆ ಅರ್ಥ ಕೇಳುತ್ತಿದ್ದಾಗ ಅವರು “ಕುಂದ್ರಿ, ಈಗ ಕೊಟ್ಟೆ” ಎನ್ನುವಷ್ಟು ಪಳಗಿದ್ದರು. ಮೀನಿಲ್ಲದ ಊಟಕ್ಕೆ ನಾನು ಮುಖ ಗಂಟಿಕ್ಕಿದರೆ ಅವರು ಜೋಳದ ರೊಟ್ಟಿ ಮುರಿದು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದರು. “ಊರು ಹಠ ಮಾಡೂದಿಲ್ಲ ಮಾರಾಯ್ತಿ, ನಾವೇ ಮಾಡೂದು” ಎನ್ನುತ್ತಿದ್ದರು.

ಅವರ ಗಂಟಲಲ್ಲಿ ಗಂಟಿದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಇನ್ನೂ ಚಳಿ ಇದ್ದಾಗ. ಚಿಕಿತ್ಸೆಗೆ ಹೋಗಿ ಬರುತ್ತ ಬರುತ್ತ ರೊಟ್ಟಿ ಹೋಯಿತು, ಅನ್ನ ಹೋಯಿತು, ಗಂಜಿಯೂ ಹೋಯಿತು. ಬೇಸಿಗೆ ಏರಿದಾಗ ಒಂದು ದಿನ ಅವರು, “ಒಂದು ಚೂರು ಮಾಂಬಳ ಬೇಕಾಗಿತ್ತು” ಎಂದರು. ನುಂಗುವುದು ಬೇಡ, ನಾಲಿಗೆಯ ಮೇಲಿದ್ದರೆ ಸಾಕು ಎಂದರು.

ನನ್ನ ಅಣ್ಣ ಅಂಕೋಲೆಯಿಂದ ಹಿಂದಿನ ವರ್ಷದ್ದನ್ನು ಕಳಿಸಿದ. ಕಾಟು ಮಾವಿನ ಹಣ್ಣಿನದು, ಅಂದರೆ ಗುಡ್ಡದಲ್ಲಿ ತಾನೇ ಬೆಳೆಯುವ ಹುಳಿ ಮಾವು. ಇವರು ಹುಡುಗನಾಗಿದ್ದಾಗಿನಿಂದ ಚಪ್ಪರಿಸಿದ ರುಚಿ ಅದು. ಬಾಯಿಗಿಟ್ಟ ಕೂಡಲೇ ಮುಖ ಕಿವುಚಿ, ಕಣ್ಣಲ್ಲಿ ನೀರು ತಂದುಕೊಂಡು ಉಗುಳಿಬಿಟ್ಟರು. ಹುಣ್ಣಾದ ಬಾಯಿಗೆ ಹುಳಿ ಬೆಂಕಿಯಾಗಿತ್ತು. “ನಮ್ಮ ಮನೇದೂ ಸೇರೂದಿಲ್ಲ ಈಗ” ಎಂದು ಗೋಡೆಯ ಕಡೆ ತಿರುಗಿದರು.

ಖಾಲಾ ಬಾಗಿಲಲ್ಲಿ ನಿಂತು ನೋಡಿದ್ದರು. ಮರುದಿನ ಸೆರಗಿನ ತುಂಬ ರಸದ ಹಣ್ಣು ತಂದರು. ಹಿಂಡಿದರೆ ಜೇನಿನ ಹಾಗೆ ಇಳಿಯುವ ಹಣ್ಣು, ಹುಳಿಯ ಸುಳಿವೂ ಇಲ್ಲ.

“ನಮ್ಮ ತವರುಮನಿ ಸೇಡಂ ಕಡಿಗಿ ತೆಲುಗು ಮಂದಿ ನಿಮ್ಮ ಮಾಂಬಳಕ್ಕ ತಾಂಡ್ರಾ ಅಂತಾರ ನೋಡ್ರಿ. ನಿಮಗ ಕೈ ಅದ, ನಮ್ಮ ಬಿಸಲು ಗೊತ್ತಿಲ್ಲ. ರಸ ಜರಾ ಕುದಸ್ರಿ. ತಾಟಿಗಿ ತುಪ್ಪ ಸವರಿ ತೆಳ್ಳಗ ಹಾಕ್ರಿ. ಮುಂಜಾನಿ ಬಿಸಲು, ಸಂಜಿ ಬಿಸಲು ಸಾಕು. ನಡು ಮಧ್ಯಾಹ್ನ ಕೆಳಗ ತರ್ರಿ.”

“ಧೂಳು ಬೀಳ್ತದಲ್ಲ ಖಾಲಾ?” ಎಂದೆ. ಕಲ್ಲಿನ ಗಣಿಗಳ ಸಣ್ಣ ಬೂದು ಧೂಳು ಇಲ್ಲಿ ಎಲ್ಲದರ ಮೇಲೂ ಕೂಡುತ್ತದೆ.

ಮಂಚದಲ್ಲಿದ್ದ ಇವರು ಕೈಸನ್ನೆ ಮಾಡಿ ಯಂತ್ರವನ್ನು ತೋರಿಸಿದರು. ಇಬ್ಬರೂ ಹಿಡಿದು ಕೂರಿಸಿದೆವು. ತೆಳು ಮಲ್ಮಲ್ ಬಟ್ಟೆಯನ್ನು ತಟ್ಟೆಗಳ ಅಳತೆಗೆ ಕತ್ತರಿಸಿ, ಗಾಳಿಗೆ ಹಾರದಂತೆ ಸುತ್ತಲೂ ಲಾಡಿ ಇಟ್ಟು ಹೊಲಿದರು. ಹೊಲಿಯುತ್ತಿದ್ದಾಗ ಅವರ ಪಾದ ಪೆಡಲಿನ ಮೇಲೆ ಹಿಂದಿನಂತೆಯೇ ಆಡುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಅವರು ಹೊಲಿದ ಕೊನೆಯ ಹೊಲಿಗೆ ಅದು.

ಮೊದಲ ಪದರ ಬಿಗಿದಾಗ ಉಗುರಿನಷ್ಟು ಕಿತ್ತು ಅವರ ನಾಲಿಗೆಯ ಮೇಲಿಟ್ಟೆ. ಕಣ್ಣು ಮುಚ್ಚಿದರು. ಉರಿಯುತ್ತದೆಯೇ ಎಂದು ಕೇಳಲೂ ಹೆದರಿ ಕೂತಿದ್ದೆ. ಎಷ್ಟೋ ಹೊತ್ತಾದ ಮೇಲೆ, “ಇದು ನಮ್ಮ ಮಾಂಬಳ ಅಲ್ಲ ಮಾರಾಯ್ತಿ” ಎಂದರು. ಆಮೇಲೆ, “ಆದ್ರೂ ಇರ್ಲಿ, ಇನ್ನೊಂದ್ ಚೂರು ಕೊಡು” ಎಂದರು. ಖಾಲಾ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಮಾಂಬಳಕ್ಕೆ ಪದರದ ಮೇಲೆ ಪದರ ಬೀಳಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ಕೆಲವೇ ಪದರ ಆಗಿದ್ದವು. ಒಂದು ಬೆಳಿಗ್ಗೆ ನಾನು ರಸ ಕುದಿಸುತ್ತಿದ್ದಾಗ ಇವರು ಹೋಗಿಬಿಟ್ಟರು. ಕರೆಯಲೂ ಇಲ್ಲ, ಕರೆಯುವ ದನಿಯೂ ಉಳಿದಿರಲಿಲ್ಲ. ಕಾಗಿಣಾ ನದಿಯ ದಡದಲ್ಲಿ ಸಂಸ್ಕಾರವಾಯಿತು. ಅಂಕೋಲೆಯಿಂದ ಅಣ್ಣ ಬಂದು ಮುಟ್ಟುವ ಹೊತ್ತಿಗೆ, ಇವರು ಹೊಲಿದುಕೊಟ್ಟ ಅಂಗಿ ತೊಟ್ಟ ಓಣಿಯ ಗಂಡಸರೇ ಹೆಗಲು ಕೊಟ್ಟಾಗಿತ್ತು.

ಸೂತಕದ ದಿನಗಳಲ್ಲಿ ನಾನು ಮಾಳಿಗೆ ಹತ್ತಲಿಲ್ಲ. ಅಲ್ಲಿ ತಟ್ಟೆಗಳಿದ್ದವೆಂಬುದೂ ಮರೆತಿತ್ತು. ತಿಥಿ ಮುಗಿದ ಮೇಲೆ ಖಾಲಾ ಮಡಿಸಿದ ಮಾಂಬಳ ತಂದು ನನ್ನ ಮಡಿಲಲ್ಲಿಟ್ಟರು. ಉಳಿದ ಪದರಗಳನ್ನೆಲ್ಲ ಅವರೇ ಹುಯ್ದಿದ್ದರು.

“ಅರ್ಧಕ್ಕ ಬಿಟ್ಟರ ಕೆಡತದ ಬೇಟಿ” ಎಂದರು. ಅವರು ನನ್ನನ್ನು ಅಕ್ಕೋರೆ ಎನ್ನದೆ ಮಗಳೇ ಎಂದದ್ದು ಆವತ್ತು ಮೊದಲು. ನಾನು ಅವರ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಸಮುದ್ರಕ್ಕೆ ಬಿಡಲೆಂದು ಅಣ್ಣ ಬೂದಿಯ ಕುಡಿಕೆಗೆ ಬಟ್ಟೆ ಕಟ್ಟುತ್ತಿದ್ದ. ಖಾಲಾ ಹಿಂಜರಿಯುತ್ತ ಅವನಿಗೆ ಹೇಳಿದರು, “ತಪ್ಪು ತಿಳ್ಕೋಬ್ಯಾಡ್ರಿ. ಎಲ್ಲಾ ಒಯ್ಯಬ್ಯಾಡ್ರಿ. ಜರಾ ನಮ್ಮ ಕಾಗಿಣಾಕ್ಕೂ ಬಿಡ್ರಿ. ಈ ಊರ ಮಂದಿಗಿ ಅಂಗಿ ಹೊಲದಾನ ಅಂವ.” ಅಣ್ಣ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಹಾಗಾಗಿ ಇವರು ಎರಡು ನೀರಿಗೆ ಸೇರಿದರು.

ಅಂಕೋಲೆಯಲ್ಲಿ ಆ ರಜೆ ಕಳೆದೆ. ತಂದಿದ್ದ ಮಾಂಬಳವನ್ನು ಅತ್ತಿಗೆಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡು, “ಇದಕ್ಕೆ ಹುಳಿಯೇ ಇಲ್ವಲ್ಲೇ, ಬರೀ ಸಿಹಿ” ಎಂದು ಉಳಿದದ್ದನ್ನು ಬದಿಗಿಟ್ಟಳು. ಅವಳದು ತಪ್ಪಲ್ಲ. ನನಗೆಂದು ಹೊಸ ಬೆಡ್‌ಶೀಟ್ ಹಾಸಿದ್ದಳು, ಊಟಕ್ಕೆ ಮೊದಲು ನನಗೇ ಬಡಿಸುತ್ತಿದ್ದಳು. ಅಷ್ಟೊಂದು ಉಪಚಾರ ನಡೆಯುವುದು ನೆಂಟರಿಗೆ.

“ವರ್ಗಾವಣೆ ಕೇಳು. ಅಲ್ಲಿ ಯಾರಿದಾರೆ ನಿಂಗೆ?” ಎಂದು ಅಣ್ಣ ದಿನಾ ಹೇಳಿದ. ಕೇಳುತ್ತೇನೆ ಎಂದೆ. ಇನ್ನೂ ಕೇಳಿಲ್ಲ.

ಈಗಲೂ ಬೇಸಿಗೆಗೆ ಖಾಲಾ, ನಾನು ರಸ ಕುದಿಸುತ್ತೇವೆ. ಅವರಿಗೆ ಮೆಟ್ಟಿಲು ಹತ್ತಲು ಮೊಳಕಾಲು ನೋವು. ಕೆಳಗೆ ಕೂತು ಹೇಳುತ್ತಾರೆ, ನಾನು ಹುಯ್ಯುತ್ತೇನೆ. ಮಳೆ ಹಿಡಿಯುವ ಮುನ್ನ ಅಂಕೋಲೆಗೆ ಹೋಗಿ ಸಮುದ್ರದ ಮುಂದೆ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಈ ಸಲ ತಿರುಗಿ ಬಂದು ಬೀಗ ತೆಗೆಯುತ್ತಿದ್ದಾಗ ಅಣ್ಣನ ಫೋನ್ ಬಂತು.

“ಊರು ಮುಟ್ಟಿದ್ಯನೇ?” ಎಂದ.

ತನ್ನ ಬಾಯಿಂದ ಶಹಾಬಾದಿಗೆ ‘ಊರು’ ಎಂಬ ಮಾತು ಹೊರಟಿತೆಂದು ಅವನಿಗೆ ಗೊತ್ತಾಗಲಿಲ್ಲ. ಅವನ ದನಿಯ ಹಿಂದೆ ಅಂಕೋಲೆಯ ಮಳೆ ಹೆಂಚಿನ ಮೇಲೆ ಬೀಳುವುದು ಕೇಳುತ್ತಿತ್ತು.

“ಹೂಂ, ಮುಟ್ಟಿದೆ” ಎಂದೆ. ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ. ಆ ಮಳೆಯನ್ನು ಇನ್ನಷ್ಟು ಹೊತ್ತು ಕೇಳುತ್ತ ಹೊಸ್ತಿಲಲ್ಲೇ ನಿಂತೆ.