ರೇಷ್ಮೆ ಚೂರುಗಳ ಡಬ್ಬಿ

ಇವತ್ತು ಟೇಲರ್ ನನ್ನ ಮದುವೆಯ ರವಿಕೆಯ ಜೊತೆ ಉಳಿದ ಬಟ್ಟೆಯ ಚೂರುಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ಟಳು. ಹೊಸ ರೇಷ್ಮೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಶಿರಸಿಯ ನಮ್ಮ ಹಳೆಯ ಬಾಡಿಗೆ ಕೋಣೆಯಲ್ಲಿದ್ದೆ.

ಆಗ ಅವ್ವ ಊರ ಮದುವಣಗಿತ್ತಿಯರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ನಾನು ಮಷಿನ್ ಕೆಳಗೆ ಕೂತು, ಉದುರಿದ ಚೂರುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ಮದುವೆಗೆಂದು ಕೂಡಿಡುತ್ತಿದ್ದೆ. ಹಸಿರು ಚೂರು ಬಳೆ ಇಡಿಸುವ ದಿನಕ್ಕೆ, ಜರಿಯದ್ದು ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ. ಅವ್ವನೇ ಹೆಕ್ಕಿ ಕೊಡುತ್ತಿದ್ದಳು. "ಈ ಕೆಂಪಂದು ಇಟ್ಕೊ, ನಿನ್ನ ಗಂಡನ ಪೇಟಕ್ಕ ಆಗ್ತೈತಿ" ಎಂದು ನಗುತ್ತಿದ್ದಳು.

ಒಂದು ದಿನ ಮಗಳ ರವಿಕೆ ಒಯ್ಯಲು ಬಂದ ಹೆಂಗಸಿನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಉಳಿದ ಬಟ್ಟಿ ತಿರುಗಿ ಕೊಡಬೇಕಲ್ರೀ? ನಮ್ಮ ಸೀರಿ ಚೂರು ಇಲ್ಲಿ ಯಾಕ ಐತಿ?"

ಅವ್ವ ನನ್ನನ್ನು ಮಷಿನ್ ಕೆಳಗಿನಿಂದ ಎಳೆದಳು. ಆಮೇಲೆ ನನ್ನ ಕೆನ್ನೆಗೆ ಬಾರಿಸಿದಳು.

"ಈಕಿಗೆ ಕದಿಯೋ ಚಟ ಐತ್ರಿ."

ಡಬ್ಬಿಯಲ್ಲಿದ್ದದ್ದನ್ನೆಲ್ಲ ಆಕೆಯ ಚೀಲಕ್ಕೆ ಸುರಿದಳು. ಆಕೆ ಹೋದ ಮೇಲೆ ಖಾಲಿ ಡಬ್ಬಿಯನ್ನು ಒರೆಸಿ, ಅದರಲ್ಲಿ ಗುಂಡಿಗಳನ್ನು ತುಂಬಿಟ್ಟಳು. ಆ ಮಾತು ಅಲ್ಲಿಗೆ ಮುಗಿಯಿತು.

ಈಗ ಟೇಲರ್ ಅಂಗಡಿಯಲ್ಲಿ, ಸೂಜಿಗೆ ದಾರ ಪೋಣಿಸಲೂ ಆಗದ ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಚೂರುಗಳ ಚೀಲಕ್ಕೆ ಆಸೆಯಿಂದ ಕೈ ಚಾಚಿದಳು.

"ಕೊಡ, ನಾ ಇಟ್ಕೋತೀನಿ."

ನಾನು ಚೀಲವನ್ನು ಟೇಲರ್‌ಗೇ ವಾಪಸು ಕೊಟ್ಟೆ.

"ಬ್ಯಾಡ ಬಿಡವ್ವಾ. ನಾಳೆ ಯಾರರ ಕೇಳಿದ್ರ ಮತ್ತ ನನ್ನ ಹೆಸರೇ ಹೇಳ್ತಿ."

ಟೇಲರ್ ತಮಾಷೆಯೆಂದುಕೊಂಡು ನಕ್ಕಳು. ಅವ್ವ ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.