ಗಿಳಿಗಳ ನಡುವಿನ ಹನ್ನೆರಡು ಮನೆ

ಮೊಳಕಾಲ್ಮೂರಿನ ಮಂಜುಳಮ್ಮನವರ ಕಂಪ್ಯೂಟರ್ ಕೆಟ್ಟರೆ ಚಳ್ಳಕೆರೆಯಿಂದ ನಾನೇ ಹೋಗಬೇಕು. ಹಾಗೆಂದು ನನ್ನ ರಿಪೇರಿಯ ಮೇಲೆ ಅವರಿಗೆ ಭಾರಿ ನಂಬಿಕೆಯೇನೂ ಇಲ್ಲ. "ಕಿರಣಾ, ನೀನ್ ಕೆಡಿಸಿದ್ದನ್ನ ನೀನೇ ಸರಿ ಮಾಡ್ಬೇಕು" ಎನ್ನುವುದು ಅವರ ನ್ಯಾಯ. ಈ ಸಲ ಅದು ನಿಜವೂ ಆಗಿತ್ತು. ಹೋದ ತಿಂಗಳು ಹಾರ್ಡ್ ಡಿಸ್ಕ್ ಬದಲಾಯಿಸಿ ಎಲ್ಲವನ್ನೂ ಹೊಸದಾಗಿ ಹಾಕಿಕೊಟ್ಟಾಗ, ಅವರ ಸೀರೆಯಂಚಿನ ನಕ್ಷೆಗಳನ್ನು ತೆರೆಯುವ ಎಕ್ಸ್‌ಟೆನ್ಷನ್ ಹಾಕಲು ಮರೆತಿದ್ದೆ.

ಮಂಜುಳಮ್ಮನವರಿಗೆ ಐವತ್ತೆಂಟು. ರೇಷ್ಮೆ ಸೀರೆ ನೇಯುವವರಿಗೆ ಅಂಚಿನ ಗ್ರಾಫ್ ಬರೆದುಕೊಡುವುದು ಅವರ ಕಸುಬು. ಚೌಕಳಿಯಲ್ಲಿ ಒಂದೊಂದೇ ಮನೆ ತುಂಬುತ್ತಾ ಹೋಗಬೇಕು, ತುಂಬಿದ ಮನೆಯಲ್ಲಿ ಮುಂದೆ ಜರಿ ಏಳುತ್ತದೆ. ಹಿಂದೆ ಹಾಳೆಯ ಮೇಲೆ ಬರೆಯುತ್ತಿದ್ದರು, ಈಗ ಪರದೆಯ ಮೇಲೆ. ಮೂವತ್ತು ವರ್ಷ ಈ ಕೆಲಸವನ್ನು ಅವರು ಅಣ್ಣ ತಿಪ್ಪೇರುದ್ರ ಅವರ ಜೊತೆ ಕೂತು ಮಾಡಿದರು. ಅಣ್ಣ ಬಲಗಡೆಯಿಂದ, ತಂಗಿ ಎಡಗಡೆಯಿಂದ ಬರೆಯುತ್ತಾ ಬಂದು ನಡುವೆ ಕೂಡುವುದು ಆ ಮನೆಯ ಪದ್ಧತಿ. ಕೂಡುವ ಜಾಗವನ್ನು ಒಬ್ಬರೇ ತುಂಬುವಂತಿಲ್ಲ. ಕೆಲಸ ಅರ್ಧಕ್ಕೆ ನಿಂತರೆ ನಕ್ಷೆಯ ಮೇಲೆ ನಿಂತ ದಿನದ ತಾರೀಖೇ ಇರಬೇಕು, ಇಬ್ಬರೂ ಮತ್ತೆ ಕೂತಾಗ ಮಾತ್ರ ಹೊಸ ತಾರೀಖು. ಒಂದರ್ಧವನ್ನು ಕಂಪ್ಯೂಟರಿನಲ್ಲಿ ತಿರುವಿ ಹಾಕಿದರೆ ಇನ್ನರ್ಧ ಕ್ಷಣದಲ್ಲಿ ಸಿಗುತ್ತದೆ ಎಂದು ನಾನೊಮ್ಮೆ ಜಾಣತನ ತೋರಿಸಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಅಣ್ಣ ತಂಗಿಯ ನಡುವೆ ಮಾತಿಗೆ ಮಾತು ಬೆಳೆಯಿತು. ಧರ್ಮಾವರಕ್ಕೆ ಹೋಗಿ ಪವರ್‌ಲೂಮ್‌ಗೆ ನಕ್ಷೆ ಬರೆಯೋಣ ಎಂದು ಅಣ್ಣ ಹಟ ಹಿಡಿದರು. "ಹೋಗೋದಾದ್ರೆ ಹೋಗು, ನೀನಿಲ್ದಿದ್ರೂ ನನ್ ಕೈ ನಡೀತೈತೆ" ಎಂದುಬಿಟ್ಟರು ತಂಗಿ. ಅಣ್ಣ ಹೋಗಿಯೇಬಿಟ್ಟರು. ಅಂದಿನಿಂದ ಒಂದು ಫೋನೂ ಇಲ್ಲ. ಇಬ್ಬರೂ ಬರೆಯುತ್ತಿದ್ದ ಅಂಚು, ಎದುರುಬದುರು ಕೂತ ಎರಡು ಗಿಳಿಗಳದ್ದು, ಮುಗಿಯದೆ ಉಳಿಯಿತು. ಮಂಜುಳಮ್ಮ ದಿನಕ್ಕೊಮ್ಮೆ ಅದನ್ನು ತೆಗೆದು ನೋಡುತ್ತಿದ್ದರು. ನನ್ನ ಮರೆವಿನಿಂದ ಒಂದು ತಿಂಗಳು ಅದೂ ತಪ್ಪಿಹೋಗಿತ್ತು.

"ಅವ್ನ ಗಿಳಿ ನೋಡ್ದೆ ಮನೆಯೆಲ್ಲಾ ಬಿಕೋ ಅಂತೈತೆ ಕಣೋ" ಎಂದರು, ನಾನು ಚಪ್ಪಲಿ ಬಿಡುವ ಮೊದಲೇ.

ಎಕ್ಸ್‌ಟೆನ್ಷನ್ ಹಾಕುವುದು ಐದು ನಿಮಿಷದ ಕೆಲಸ. ಪ್ಯಾಕೇಜ್ ಮ್ಯಾನೇಜರ್ ಎಂಬುದೊಂದಿದೆ. ಹೆಸರು ಹೇಳಿದರೆ ಸಾಕು, ಇಂಟರ್‌ನೆಟ್‌ನಿಂದ ಹುಡುಕಿ, ಬೇಕಾದ ಬಿಡಿಭಾಗಗಳ ಸಮೇತ ತಂದು ಕೂರಿಸುತ್ತದೆ. ಅದು ಅಂದು ಕೂರಿಸಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಫೋನ್ ಹಿಡಿದು ಮಹಡಿ ಹತ್ತಿದೆ. ಹಳೆಯ ಪಟ್ಟಿಗಳನ್ನೆಲ್ಲ ಅಳಿಸಿದೆ. ಬೇರೆ ಸರ್ವರ್ ತೋರಿಸಿದೆ. ಹಿಂದಿನ ಆವೃತ್ತಿ ಕೇಳಿದೆ. ಪ್ರತಿ ಸಲವೂ ಅದೇ ಕೆಂಪು ಸಾಲುಗಳು. ಹೀಗೇ ಮೂರು ಗಂಟೆ ಹೊತ್ತು ಕಳೆಯಿತು. ಮಂಜುಳಮ್ಮ ಎರಡು ಸಲ ಟೀ ಕೊಟ್ಟು, ಮೂರನೆಯ ಸಲ ಬರೀ ಲೋಟ ತೆಗೆದುಕೊಂಡು ಹೋದರು.

ಆಮೇಲೆ ಬುದ್ಧಿ ಬಂದು ಕೊನೆಯ ಸಾಲನ್ನು ನಿಧಾನವಾಗಿ ಓದಿದೆ. ಸರ್ವರ್ ಕಳಿಸಿದ ಪ್ಯಾಕೇಜುಗಳ ಪಟ್ಟಿಯ ತಾರೀಖು ಇನ್ನೂ ಮುಂದಿದೆ, ಅದು ಜಾರಿಗೇ ಬಂದಿಲ್ಲ ಎನ್ನುತ್ತಿತ್ತು. ಪರದೆಯ ಮೂಲೆ ನೋಡಿದೆ. ನಾಲ್ಕು ವರ್ಷ ಹಿಂದಿನ ಮಾರ್ಚ್ ತಿಂಗಳು!

"ಅಕ್ಕಾ, ಈ ತಾರೀಖು ಯಾರ್ರೀ ಹಿಂದಕ್ಕೆ ತಿರುಗ್ಸಿದ್ದು?"

ಅವರು ಸೆರಗಿನ ತುದಿ ಸುತ್ತುತ್ತಾ ನಿಂತರು. "ನಾನೇ. ದಿನಾ ಆನ್ ಮಾಡಿದ್ ಕೂಡ್ಲೇ ಅವ್ನು ಹೋದ ದಿನಕ್ಕೆ ತಿರುಗ್ಸಿ ಇಡ್ತೀನಿ. ಗಿಳಿ ತೆಗೆದು ಮುಚ್ಚುವಾಗ ಅಪ್ಪಿತಪ್ಪಿ ಸೇವ್ ಆದ್ರೆ ಹೊಸ ತಾರೀಖು ಬೀಳ್ತೈತಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ವರ್ಷ ಹಿಂದೆ ಕೂತ ಯಂತ್ರ ಇವತ್ತಿನ ಪಟ್ಟಿಯನ್ನು ಹೇಗೆ ಒಪ್ಪುತ್ತದೆ? ಗಡಿಯಾರವನ್ನು ಇವತ್ತಿಗೆ ತರದೆ ಎಕ್ಸ್‌ಟೆನ್ಷನ್ ಬರುವುದಿಲ್ಲ ಎಂದು ಗಡುಸಾಗಿಯೇ ಹೇಳಿದೆ. ಅವರ ಮುಖ ನೋಡಿದ ಮೇಲೆ ಹಾಗೆ ಹೇಳಬಾರದಿತ್ತು ಅನ್ನಿಸಿತು.

"ತಾರೀಖು ಮುಂದಕ್ಕೆ ಹೋದ್ರೆ, ಅವ್ನು ಬರಲ್ಲ ಅಂತ ನಾನೇ ಒಪ್ಕೊಂಡಂಗಲ್ಲೇನೋ?"

ಗಿಳಿ ಬೇಕಿದ್ದರೆ ಆ ದಿನವನ್ನು ಬಿಡಬೇಕು, ಆ ದಿನ ಬೇಕಿದ್ದರೆ ಗಿಳಿ ಇಲ್ಲ. ಕೊನೆಗೆ ಮಂಜುಳಮ್ಮ ನನ್ನ ಕೈಯಿಂದ ಮೌಸ್ ತೆಗೆದುಕೊಂಡು, "ನೀನ್ ಬ್ಯಾಡ, ನಾನೇ ಮಾಡ್ತೀನಿ" ಎಂದರು. ನಾಲ್ಕು ವರ್ಷಗಳನ್ನು ಒಂದೊಂದಾಗಿ ಮುಂದಕ್ಕೆ ಒತ್ತಿದರು.

ಎರಡೇ ನಿಮಿಷದಲ್ಲಿ ಎಕ್ಸ್‌ಟೆನ್ಷನ್ ಬಂದು ಕೂತಿತು. ಗಿಳಿಗಳು ತೆರೆದುಕೊಂಡವು. ಎಡಗಡೆಯದ್ದು ಸ್ವಲ್ಪ ದಪ್ಪ, ಬಲಗಡೆಯದ್ದರ ಕತ್ತು ನೀಳ. ಎರಡು ಕೊಕ್ಕುಗಳ ನಡುವೆ ಹಣ್ಣೊಂದು ಬರಬೇಕಾದ ಜಾಗದಲ್ಲಿ ಹನ್ನೆರಡು ಮನೆ ಖಾಲಿ ಇದ್ದವು. ಮಂಜುಳಮ್ಮ ಬಲಗಡೆಯ ಗಿಳಿಯ ಮೇಲೆ ಬೆರಳಾಡಿಸಿ ಅತ್ತರು, ಮರೆಮಾಚದೆ ಅತ್ತರು.

"ಹನ್ನೆರಡೇ ಐತಲ್ಲಕ್ಕಾ, ನೀವೇ ತುಂಬಿ ಮುಗಿಸ್ಬಿಡ್ರಿ" ಎಂದೆ.

"ಅವೆಲ್ಲಾ ನನ್ನೊಬ್ಬಳವೇನೋ?" ಎಂದು ಗದರಿದರು. ಸ್ವಲ್ಪ ಹೊತ್ತಾದ ಮೇಲೆ, ಬಾಯಿಪಾಠವಾಗಿದ್ದ ಫೋನ್ ನಂಬರನ್ನು ತಡವರಿಸದೆ ಹೇಳಿ, "ಇವತ್ತಿನ ತಾರೀಖೇ ಇರ್ಲಿ. ಹಿಂಗೇ ಕಳ್ಸು ಅವ್ನಿಗೆ" ಎಂದರು.

ನನ್ನ ಫೋನಿನಿಂದ ವಾಟ್ಸಾಪ್‌ನಲ್ಲಿ ಕಳಿಸಿದೆ. ಚಳ್ಳಕೆರೆಯ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಇನ್ನೂ ಸ್ವಲ್ಪ ಇರು, ಊಟ ಮಾಡಿಕೊಂಡು ಹೋಗು ಎಂದು ಅವರು ನನ್ನನ್ನು ಹಿಡಿದು ಕೂರಿಸಿದರು. ಫೋನ್ ನನ್ನದಾದರೂ ಅವರ ಮಡಿಲಲ್ಲೇ ಇತ್ತು.

ನಾಲ್ಕು ಗಂಟೆಗೆ ಅದು ಗುಂಯ್ ಅಂದಿತು. ಒಂದಕ್ಷರವೂ ಬರೆದಿರಲಿಲ್ಲ, ಬರೀ ಫೈಲ್. ತೆರೆದೆವು. ಬಲಗಡೆಯ ಆರು ಮನೆ ತುಂಬಿದ್ದವು. ಎಡಗಡೆಯ ಆರನ್ನು ತಿಪ್ಪೇರುದ್ರ ಹಾಗೇ ಬಿಟ್ಟಿದ್ದರು.

"ತುಂಬ್ರಿ ಅಕ್ಕಾ, ಆರೇ" ಎಂದೆ, ಖುಷಿ ತಡೆಯಲಾರದೆ.

ಮಂಜುಳಮ್ಮ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಾ ಒಟ್ಟಿಗೆ ತುಂಬಿದ್ರೆ ನಾಳೆ ಅವ್ನಿಗೆ ಏನ್ ಕಳ್ಸ್ಲೋ?" ಎಂದು ಕೇಳಿ, ಒಂದೇ ಒಂದು ಮನೆ ತುಂಬಿ, ಕಳಿಸು ಎನ್ನುವಂತೆ ಫೋನನ್ನು ನನ್ನ ಕೈಗೆ ಕೊಟ್ಟರು.