ಸುಶೀಲಾಬಾಯಿ ಮತ್ತು ಬಾರದ ‘ಳ’

ಸುಶೀಲಾಬಾಯಿಯವರು ಟೈಪ್ ಮಾಡುವಾಗ ಕೀಬೋರ್ಡಿನ ಕಡೆ ಎಂದೂ ನೋಡುತ್ತಿರಲಿಲ್ಲ. ಕೈಬರಹದ ಹಾಳೆ, ಅದನ್ನು ತಂದವರ ಮುಖ, ಇವೆರಡನ್ನೇ ನೋಡುವರು. ಬರಹದಲ್ಲಿ ತಪ್ಪು ಕಂಡರೆ ಬೆರಳು ನಿಲ್ಲಿಸದೆಯೇ, "ಇದು ಯಾವ ಸಾಲ್ಯಾಗ ಕಲಿತ ಕನ್ನಡರೀ?" ಎಂದು ಕೇಳುವರು. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಮೇಲೆ ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಬಂದು, ಲಿಂಗಸುಗೂರಿನ ನನ್ನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು.

ವೈರಸ್ ಕಾಟಕ್ಕೆ ಬೇಸತ್ತು ನಾನು ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೆ. ಅವರಿಗೆ ರೂಢಿಯಾದ ಹಳೆಯ ಕನ್ನಡ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದು. ಹಾಗಾಗಿ ಲಿನಕ್ಸ್ ಒಳಗೇ ಒಂದು ವರ್ಚುವಲ್ ಮಷೀನ್ ಮಾಡಿ, ಅದರಲ್ಲಿ ವಿಂಡೋಸ್ ಕೂರಿಸಿದೆ.

"ಒಂದು ಕಂಪ್ಯೂಟರಿನ ಹೊಟ್ಟ್ಯಾಗ ಇನ್ನೊಂದು ಯಾಕ ಬೇಕಾಗಿತ್ತು ತಮ್ಮಾ?" ಎಂದು ದಿನಕ್ಕೊಮ್ಮೆ ಬೈಯುವರು. ಕೀಬೋರ್ಡ್ ಒಳಗಿನ ವಿಂಡೋಸಿನಲ್ಲೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಒತ್ತಿ ಬಿಡಿಸಿಕೊಳ್ಳಿ ಎಂದು ನೂರು ಸಲ ಹೇಳಿದ್ದೆ. ನೂರೊಂದನೆಯ ಸಲವೂ ನನ್ನನ್ನೇ ಕರೆಯುವರು.

ಒಂದು ದಿನ ಗುರುಗುಂಟಾದ ಕಾಳಮ್ಮ ಬಂದಳು. ದಾಖಲೆಯಲ್ಲಿ ಅವಳ ಹೆಸರು ‘ಕಾಲಮ್ಮ’ ಎಂದಾಗಿತ್ತು. ತಿದ್ದುಪಡಿಗೆ ಅರ್ಜಿ ಕೊಡಲು ಅದೇ ಕೊನೆಯ ದಿನ. ಬಾಯಿಯವರು ಟೈಪ್ ಮಾಡಿದರು. ಅರ್ಜಿಯಲ್ಲೂ ‘ಕಾಲಮ್ಮ’ ಎಂದೇ ಬಂತು. ಅಳಿಸಿ ಮತ್ತೆ ಮಾಡಿದರು. ಮತ್ತೆ ‘ಕಾಲಮ್ಮ’.

"ಳ ಬರವಲ್ದು," ಎಂದರು.

ನಾನು ಬಗ್ಗಿ ಒತ್ತಿದೆ, ಬಂತು. ಅವರು ಒತ್ತಿದರೆ ಬರೀ ಲ. ಕೀಬೋರ್ಡ್ ಬದಲಿಸಿದೆ. ವರ್ಚುವಲ್ ಮಷೀನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಅದೇ ಕಥೆ. ನನಗೆ ತಲೆ ಕೆಟ್ಟಿತು.

"ಬಾಯಾರ, ನಿಮ್ಮ ಕೈಗೆ ವಯಸ್ಸಾಗೇತ್ರಿ. ಏಳ್ರಿ, ನಾನೇ ಹೊಡಿತೀನಿ," ಎಂದು ಕಾಳಮ್ಮನ ಎದುರಿಗೇ ಅಂದುಬಿಟ್ಟೆ.

ಅವರು ಏಳಲಿಲ್ಲ. "ಇವತ್ತು ನೀ ತಿದ್ದತಿ. ನಾಳೆ ಯಾರ್ ತಿದ್ದಬೇಕು?" ಎಂದು ಒಂದು ಹಾಳೆ ತೆಗೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ಬಂದದ್ದು ಬಾರದ್ದು ಬರೆಯತೊಡಗಿದರು.

"ಆಫೀಸ್ ಬಾಗ್ಲಾ ಹಾಕ್ತಾರಬೇ ಯಕ್ಕಾ!" ಎಂದು ಕಾಳಮ್ಮ ಗೋಗರೆದಳು.

ಕೊನೆಗೆ ಹಾಳೆ ನನ್ನ ಕಡೆ ತಿರುಗಿಸಿದರು. "ನೋಡಿಲ್ಲಿ. ಭ, ಧ, ಶ ಬರತಾವ. ಳ, ಣ, ಖ ಬರಂಗಿಲ್ಲ. ಎಲ್ಲಾ ಶಿಫ್ಟ್ ಒತ್ತಿ ಹೊಡಿಯೋ ಅಕ್ಷರನ. ಳ, ಣ, ಖದಂಥ ಬಲಗೈ ಅಕ್ಷರಕ್ಕ ನಾ ಎಡಗಡಿ ಶಿಫ್ಟ್ ಒತ್ತತೀನಿ. ನೀ ಎಲ್ಲಾದಕ್ಕೂ ಬಲಗಡೀದೇ ಒತ್ತತಿ. ಎಡಗಡಿ ಶಿಫ್ಟಿಗೆ ಏನ್ ಮಾಡೀದಿ?"

ಹಿಂದಿನ ದಿನವಷ್ಟೇ, ಭಾಷೆ ಬದಲಿಸಲು ಸುಲಭವಾಗಲೆಂದು ಲಿನಕ್ಸಿನಲ್ಲಿ ಎಡಗಡೆಯ ಶಿಫ್ಟನ್ನು ಅದಕ್ಕೇ ಮೀಸಲಿಟ್ಟಿದ್ದೆ. ಅವರು ಒತ್ತಿದ ಎಡಗಡೆಯ ಶಿಫ್ಟನ್ನು ಹೊರಗಿನ ಲಿನಕ್ಸೇ ನುಂಗುತ್ತಿತ್ತು; ಒಳಗಿನ ವಿಂಡೋಸಿಗೆ ಮುಟ್ಟುತ್ತಲೇ ಇರಲಿಲ್ಲ. ತೆಗೆದುಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ. ‘ಕಾಳಮ್ಮ’ ಎಂದು ಬಂತು. ಅವಳು ಅರ್ಜಿ ಹಿಡಿದು ಓಡಿದಳು. ಬಾಗಿಲು ಹಾಕುವ ಮುಂಚೆ ಮುಟ್ಟಿಸಿದಳು.

ತಪ್ಪಾಯಿತೆಂದು ನಾನು ಅಂದು ಹೇಳಲಿಲ್ಲ. ಮರುದಿನ ಅವರು ಎಂದಿನ ಬಸ್ಸಿಗೇ ಬಂದರು.

ಎರಡು ವರ್ಷದ ನಂತರ ಅವರು ಮಗಳ ಮನೆಯಲ್ಲೇ ಇರಲೆಂದು ಸಿಂಧನೂರಿಗೆ ಹೋದರು. ಅಲ್ಲಿಗೇ ಹೋಗಿ, ಕಾಳಮ್ಮನ ಎದುರು ನಾನಂದಿದ್ದ ಆ ಮಾತು ತೆಗೆದೆ.

"ಸಿಟ್ಟು ಬಂದಿತ್ತಪ್ಪ," ಎಂದರು. "ನಾಳಿಂದ ಹೋಗಬಾರ್ದು ಅನ್ಕೊಂಡಿದ್ದೆ. ಆದ್ರ ನಾ ಬರಲಿಲ್ಲಂದ್ರ, ಮುದುಕಿ ಕೈ ಸೋತು ಬಿಟ್ಲು ಅಂತ ನೀ ಊರ ತುಂಬಾ ಹೇಳ್ತಿದ್ದಿ."

ಹೇಳುತ್ತಿದ್ದೆನೋ ಏನೋ. ಅವರು ನಕ್ಕು ಚಹಾ ಮುಂದಿಟ್ಟರು. ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮೂರು ದಿನವಾಗಿಹೋಗಿತ್ತು.